ಮಳೆಗಾಲದಲ್ಲಿ ಊರಿನ ಸಂಪರ್ಕ ಕಡಿದರೆ ಎಂದು ಮನೆಯಲ್ಲಿ ಏನೇನು ತಯಾರಿ ಇಟ್ಟುಕೊಳ್ಳಬೇಕು?

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರುಗಳಿಗೆ ರಸ್ತೆಯೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಸಹಾಯ ಬರುವ ತನಕ ಒಂದು ಮೂರು ದಿನ ತಳ್ಳುವಷ್ಟು ತಯಾರಿ ಇರಲಿ. ಅದಕ್ಕಿಂತ ಜಾಸ್ತಿ ಗಾಬರಿ ಬೇಡ.

ಜನ ಅಕ್ಕಿ, ಬೇಳೆ ತಂದಿಡುತ್ತಾರೆ, ನೀರು ಮರೆಯುತ್ತಾರೆ. ಕರೆಂಟು ಹೋದರೆ ಬೋರ್‌ವೆಲ್ಲೂ ಇಲ್ಲ, ಅಲ್ವಾ? ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಮುಚ್ಚಳದ ಕ್ಯಾನಿನಲ್ಲಿ ತುಂಬಿಡಿ. ನೆರೆ ನುಗ್ಗಿದ ಬಾವಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬೇಡಿ. ಭೇದಿ ಶುರುವಾಗಿ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ.

ಯುಪಿಐ ನಂಬಿ ಕೂರಬೇಡಿ, ಚಿಲ್ಲರೆ ನೋಟು ಇರಲಿ. ಟಾರ್ಚು, ಬಿಪಿ-ಶುಗರ್ ಮಾತ್ರೆ, ದಾಖಲೆಗಳ ಜೆರಾಕ್ಸ್ ಒಂದೇ ಚೀಲದಲ್ಲಿರಲಿ. ತುರ್ತು ನಂಬರ್ 112, ಜಿಲ್ಲಾ ಕಂಟ್ರೋಲ್ ರೂಮಿನ 1077 ಮಕ್ಕಳಿಗೂ ಗೊತ್ತಿರಲಿ.

ಮನೆ ಗುಡ್ಡದ ಬುಡದಲ್ಲಿದ್ದರೆ ಮಾತ್ರ ಲೆಕ್ಕ ಬೇರೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ತೊರೆ ಕಂಡರೆ ಸಾಮಾನು ಕಟ್ಟುತ್ತಾ ಕೂರದೆ ಹೊರಡಿ.