ಪ್ರತಿಕ್ರಿಯೆ: ಭಾವಗೀತೆ ಯಾವ ಕ್ಯಾಸೆಟ್ಟಿಂದ ಶುರು ಮಾಡಲಿ?

ನಮಸ್ಕಾರ ಸಾರ್. ಭಾವಗೀತೆ ಕೇಳೋಕೆ ‘ನಿತ್ಯೋತ್ಸವ’ ಮೊದಲಾ, ಸಿ. ಅಶ್ವತ್ಥರು ಹಾಡಿರೋ ಸಂತಕವಿ ಶಿಶುನಾಳ ಶರೀಫರ ಹಾಡುಗಳು ಮೊದಲಾ ಅಂತ ಕೇಳಿದ್ದೀರಿ. ಖಂಡಿತ ‘ನಿತ್ಯೋತ್ಸವ’. ಹತ್ತಕ್ಕೆ ಹತ್ತು ಕೊಡ್ತೀನಿ. 1978ರದ್ದು, ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಅವರ ರಾಗ ಕವಿತೆಯನ್ನ ಹಿಂದೆ ಹಾಕಿ ಓಡಲ್ಲ, ಒಂದೊಂದು ಪದವೂ ಕಿವಿಗೆ ಬೀಳುತ್ತೆ. ‘ಬೆಣ್ಣೆ ಕದ್ದ ನಮ್ಮ ಕೃಷ್ಣ’ ಅಂತೂ ಮಂಡ್ಯದ ನಮ್ಮ ಮನೇಲಿ ಮಕ್ಕಳಿಗೂ ಬಾಯಿಪಾಠ.

ಶರೀಫರ ಹಾಡುಗಳಿಗೆ ಒಂಬತ್ತು. ‘ಕೋಡಗನ ಕೋಳಿ ನುಂಗಿತ್ತ’ ಕೇಳಿದಾಗೆಲ್ಲ ಅಶ್ವತ್ಥರ ಕಂಠಕ್ಕೆ ಮೈ ಜುಂ ಅನ್ನುತ್ತೆ. ಆದರೆ ಒಂದೇ ಸಮನೆ ಎಲ್ಲಾ ಕೇಳಿದರೆ ಆ ಏರುದನಿ ಹೊಸಬರಿಗೆ ಭಾರ ಅನ್ನಿಸಬಹುದು.

ನಮ್ಮ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಗಳ ‘ಮೈಸೂರು ಮಲ್ಲಿಗೆ’ ಹಾಡುಗಳು ನಿಮ್ಮ ಪಟ್ಟೀಲೇ ಇಲ್ವಲ್ಲ! ದಯವಿಟ್ಟು ಸೇರಿಸಿಕೊಳ್ಳಿ. ಅವಕ್ಕೆ ಅಂಕ ಹಾಕೋಕೆ ನನಗೆ ಮನಸ್ಸು ಬರಲ್ಲ.