ಮ್ಯೂಸಿಕ್ ವಿಡಿಯೊ ಪ್ರಾಜೆಕ್ಟ್: ಕಥೆ ಆಮೇಲೆ, ಮೊದಲು ಹಾಡು ಕೈಗೆ ಬರಲಿ

ಕಾಲೇಜ್ ಪ್ರಾಜೆಕ್ಟ್‌ಗೆ ಸ್ನೇಹಿತರ ಹಾಡಿಗೆ ಮ್ಯೂಸಿಕ್ ವಿಡಿಯೊ ಮಾಡ್ತಿದ್ದೀನಿ, ಕಥೆ ಇಟ್ಟುಕೊಳ್ಳಲೋ ಬರೀ ಹಾಡೋದನ್ನೇ ತೋರಿಸಲೋ, ರಿಸರ್ಚ್‌ಗೆ ಎಷ್ಟು ವಿಡಿಯೊ ನೋಡಬೇಕು ಅಂತ ಕೇಳಿದ್ದೀರಿ. ಕೊನೆಯಲ್ಲಿ ‘ಫೈನಲ್ ಹಾಡು ಇನ್ನೂ ಬಂದಿಲ್ಲ, ಅಷ್ಟರಲ್ಲಿ ರಫ್ ಟ್ರ್ಯಾಕ್ ಇಟ್ಟುಕೊಂಡೇ ಶೂಟಿಂಗ್ ಮುಗಿಸೋಣ ಅಂತಿದ್ದೀವಿ’ ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ನಾನು ಬರೆಯಲು ಕೂತಿದ್ದೇ ಆ ಸಾಲಿಗಾಗಿ. ನಾವೂ ಹಾಗೇ ಅಂದುಕೊಂಡಿದ್ದೆವು.

ನಮಗೆ ಹಾಡು ಕೊಟ್ಟವಳು ಒಬ್ಬ ಜೂನಿಯರ್. ಅವಳೇ ಬರೆದು ಅವಳೇ ಹಾಡಿದ್ದು. ತಾಳದ ವೇಗ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 92 ಬೀಟ್‌ಗೆ ಇಟ್ಟುಕೊಂಡು, ಗಿಟಾರ್ ನುಡಿಸುತ್ತಾ ಫೋನಲ್ಲಿ ರೆಕಾರ್ಡ್ ಮಾಡಿದ ರಫ್ ಟ್ರ್ಯಾಕ್ ಕಳಿಸಿದಳು. ಅದನ್ನು ಕೇಳಿದ ರಾತ್ರಿಯೇ ಕಥೆ ಹೊಳೆಯಿತು. ಆಮೇಲೆ ರಿಸರ್ಚ್ ಅಂತ ಕಂಡ ಕಂಡ ವಿಡಿಯೊ ನೋಡಿದೆವು. 1981ರ ಆಗಸ್ಟ್ 1ರಂದು ಎಂಟಿವಿ ಶುರುವಾದದ್ದರಿಂದ ಹಿಡಿದು ಚರಿತ್ರೆಯನ್ನೆಲ್ಲ ವರದಿಗೆ ತುಂಬಿಸಿದೆವು. ಮೂಡ್‌ಬೋರ್ಡ್, ಬಣ್ಣ ಹಚ್ಚಿದ ಸ್ಟೋರಿಬೋರ್ಡ್, ಶಾಟ್ ಲಿಸ್ಟ್ ಎಲ್ಲವೂ ಇತ್ತು. ಗೈಡ್ ನೋಡಿ ಮೆಚ್ಚಿದರು. ಆ ಟ್ರ್ಯಾಕನ್ನೇ ಸ್ಪೀಕರ್‌ನಲ್ಲಿ ಹಾಕಿ ಶೂಟಿಂಗ್ ಮುಗಿಸಿದೆವು. ನಿರ್ದೇಶನ ನನ್ನದು.

ಶೂಟಿಂಗ್ ಆದಮೇಲೆ ಸ್ಟುಡಿಯೊದಿಂದ ಫೈನಲ್ ಹಾಡು ಬಂತು. ಸಾಹಿತ್ಯ ಅದೇ, ರಾಗ ಅದೇ, ಶ್ರುತಿಯೂ ಅದೇ. ಆದರೆ ಟೆಂಪೊ, ಅಂದರೆ ಹಾಡಿನ ವೇಗ, 92 ಇದ್ದದ್ದು 96 ಆಗಿತ್ತು. ಎರಡನೇ ಚರಣಕ್ಕೆ ಮುಂಚೆ ಬರುವ ಬಿಜಿಎಂ ಎಂಟು ಬಾರ್ (ನಮ್ಮ ಹಾಡಿನಲ್ಲಿ ನಾಲ್ಕು ಬೀಟ್ ಸೇರಿದರೆ ಒಂದು ಬಾರ್) ಇದ್ದದ್ದು ನಾಲ್ಕಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಕೇಳುವಾಗ ‘ನಾಲ್ಕು ಬಿಪಿಎಂ ತಾನೆ’, ನಿಮಿಷಕ್ಕೆ ನಾಲ್ಕೇ ಬೀಟ್ ಜಾಸ್ತಿ ತಾನೆ ಅನ್ನಿಸುತ್ತದೆ. ನಮಗೂ ಅನ್ನಿಸಿತ್ತು. ನಾಲ್ಕು ಬೀಟ್‌ನ ಒಂದು ಬಾರ್ 92ರಲ್ಲಿ 2.61 ಸೆಕೆಂಡ್ ಹಿಡಿಯುತ್ತದೆ, 96ರಲ್ಲಿ 2.5 ಸೆಕೆಂಡ್. ಒಂದು ಬಾರ್‌ಗೆ 0.11 ಸೆಕೆಂಡ್ ವ್ಯತ್ಯಾಸ, ಅಂದರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಎರಡೂವರೆ ಫ್ರೇಮ್‌ಗಿಂತ ಜಾಸ್ತಿ. ಎಂಟು ಬಾರ್ ದಾಟುವಷ್ಟರಲ್ಲಿ ತುಟಿ ದನಿಗಿಂತ ಹತ್ತಿರ ಹತ್ತಿರ ಒಂದು ಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಅಷ್ಟು ಹೊತ್ತಿಗೆ ಅವಳು ಹಾಡುತ್ತಿರುವುದು ಒಂದು ಪದ, ತೆರೆಯ ಮೇಲೆ ಬಾಯಿ ಆಡುತ್ತಿರುವುದು ಇನ್ನೊಂದು ಪದಕ್ಕೆ.

ಕ್ಲಿಪ್‌ನ ಸ್ಪೀಡ್ ಹೆಚ್ಚಿಸಿದರಾಯ್ತಲ್ಲ ಅಂತ ನೀವು ಕೇಳಬಹುದು. ಮಾಡಿದೆವು. 104.35 ಪರ್ಸೆಂಟ್‌ಗೆ ಇಟ್ಟರೆ ಲೆಕ್ಕದ ಪ್ರಕಾರ ಸರಿಹೋಗಬೇಕು. ಆದರೆ ಹಾಗೆ ಮಾಡಿದಾಗ ಸೆಕೆಂಡಿಗೆ ಒಂದರಂತೆ ಫ್ರೇಮ್ ಬಿಟ್ಟುಹೋಗುತ್ತದೆ. ಸುಮ್ಮನೆ ನಿಂತು ಹಾಡುವ ಶಾಟ್‌ನಲ್ಲಿ ಗೊತ್ತಾಗಲಿಲ್ಲ, ಕ್ಯಾಮೆರಾ ಪಕ್ಕಕ್ಕೆ ತಿರುಗಿದ ಕಡೆಯಲ್ಲೆಲ್ಲ ಚಿತ್ರ ಜಗ್ಗಿದಂತೆ ಕಂಡಿತು. ಅದಕ್ಕಿಂತ ದೊಡ್ಡ ತೊಂದರೆ ಹಾಡುಗಾರಿಕೆಯದು. ರಫ್‌ನಲ್ಲಿ ಪಲ್ಲವಿಯ ಕೊನೆಯ ಅಕ್ಷರವನ್ನು ಅವಳು ಎಳೆದು ಹಾಡಿದ್ದಳು. ಸ್ಟುಡಿಯೊದಲ್ಲಿ ಅದನ್ನು ಅಲ್ಲಿಗೇ ನಿಲ್ಲಿಸಿ ಉಸಿರು ತೆಗೆದುಕೊಂಡಿದ್ದಳು. ನಮ್ಮ ಅತಿ ಹತ್ತಿರದ ಕ್ಲೋಸಪ್‌ನಲ್ಲಿ ದನಿ ನಿಂತ ಮೇಲೂ ಬಾಯಿ ತೆರೆದೇ ಇತ್ತು. ಯಾವ ಪರ್ಸೆಂಟೂ ಅದನ್ನು ಸರಿಮಾಡುವುದಿಲ್ಲ.

ಇನ್ನು ಬಿಜಿಎಂ. ನಮ್ಮ ಕಥೆಯ ತಿರುವು ಇದ್ದದ್ದೇ ಅಲ್ಲಿ. ಹುಡುಗಿ ಮೆಟ್ಟಿಲು ಹತ್ತಿ ಬಂದು, ಬಾಗಿಲು ತೆರೆದು, ಖಾಲಿ ಕೋಣೆ ನೋಡುತ್ತಾಳೆ. ಒಂದೇ ಟೇಕ್, ಎಂಟು ಬಾರ್‌ಗೆ ಸರಿಯಾಗಿ 21 ಸೆಕೆಂಡ್. ನಟಿಸಿದ ಹುಡುಗಿ ಅದಕ್ಕಾಗಿ ಹೆಜ್ಜೆ ಲೆಕ್ಕ ಹಾಕಿ ಅಭ್ಯಾಸ ಮಾಡಿದ್ದಳು. ಹೊಸ ಹಾಡಿನಲ್ಲಿ ಅದಕ್ಕೆ ಉಳಿದದ್ದು 10 ಸೆಕೆಂಡ್. ಅವಳು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಚರಣ ಶುರುವಾಗಿಬಿಡುತ್ತಿತ್ತು. ಮಧ್ಯದಲ್ಲಿ ಕತ್ತರಿಸೋಣವೆಂದರೆ ಬೇರೆ ಆ್ಯಂಗಲ್ ತೆಗೆದೇ ಇರಲಿಲ್ಲ. ಮತ್ತೆ ಶೂಟ್ ಮಾಡೋಣವೆಂದರೆ ಆ ಮನೆಗೆ ಅಷ್ಟರಲ್ಲಿ ಬಾಡಿಗೆಯವರು ಬಂದಿದ್ದರು. ರಫ್ ಟ್ರ್ಯಾಕ್‌ನಲ್ಲೇ ಸಲ್ಲಿಸುತ್ತೇವೆ ಅಂದಾಗ ಹಾಡಿದವಳು ಒಪ್ಪಲಿಲ್ಲ. ಅದು ಅವಳ ಹಾಡು, ಒಪ್ಪದಿದ್ದದ್ದು ಸರಿಯೇ. ಕೊನೆಗೆ ಹಾಡುವ ಶಾಟ್‌ಗಳನ್ನು ಮುಕ್ಕಾಲುಪಾಲು ತೆಗೆದುಹಾಕಿ ತೇಪೆ ಹಚ್ಚಿ ಸಲ್ಲಿಸಿದೆವು. ಅಂಕ ಹೋದದ್ದಕ್ಕಿಂತ ಆ ಮೆಟ್ಟಿಲಿನ ಟೇಕ್ ಹೋದದ್ದು ನನ್ನನ್ನು ತುಂಬಾ ದಿನ ಕಾಡಿತು. ‘ಇದೇ ಫೈನಲ್ಲಾ? ಟೆಂಪೊ ಬದಲಾಗುತ್ತಾ?’ ಅಂತ ನಾನು ಅವಳನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಹಾಗಾಗಿ ಕಥೆಯೋ ಪರ್ಫಾರ್ಮೆನ್ಸೋ ಅನ್ನುವ ಪ್ರಶ್ನೆಯನ್ನು ಈಗ ಪಕ್ಕಕ್ಕಿಡಿ. ಅದನ್ನು ನಿರ್ಧರಿಸುವುದು ನೀವಲ್ಲ, ಹಾಡು. ಎಷ್ಟು ವಿಡಿಯೊ ನೋಡಬೇಕು ಅನ್ನುವುದೂ ತಪ್ಪು ಲೆಕ್ಕ. ಬೇರೆಯವರ ವಿಡಿಯೊ ಒಂದೆರಡನ್ನು ಸೌಂಡ್ ಮ್ಯೂಟ್ ಮಾಡಿ ನೋಡಿ, ಕಟ್ ಎಲ್ಲೆಲ್ಲಿ ಬೀಳುತ್ತದೆ ಬರೆದುಕೊಳ್ಳಿ, ಆಮೇಲೆ ಸೌಂಡ್ ಹಾಕಿ ಅದು ಬೀಟ್ ಮೇಲೆ ಬಿದ್ದಿದೆಯೋ ಬೀಟ್ ತಪ್ಪಿಸಿದೆಯೋ ನೋಡಿ. ಅಷ್ಟು ಸಾಕು. ಉಳಿದ ಸಮಯವೆಲ್ಲ ನಿಮ್ಮ ಹಾಡು ಕೇಳುವುದಕ್ಕೆ ಇರಲಿ.

ಕೇಳುವುದೆಂದರೆ ಪೆನ್ನು ಹಿಡಿದು ಕೇಳುವುದು. ಒಂದು ಹಾಳೆಯಲ್ಲಿ ಉದ್ದಕ್ಕೆ ಗೆರೆ ಹಾಕಿ ಐದು ಕಾಲಂ ಮಾಡಿ: ಸಮಯ, ಬಾರ್ ನಂಬರ್, ಸಾಹಿತ್ಯದ ಸಾಲು, ಯಾವ ವಾದ್ಯ ಸೇರಿತು ಅಥವಾ ನಿಂತಿತು, ತೆರೆಯ ಮೇಲೆ ಏನು. ‘0:40ರಿಂದ 0:50, ಬಾರ್ 17ರಿಂದ 20, ಪಲ್ಲವಿ ಮೊದಲ ಸಾಲು, ಡ್ರಮ್ಸ್ ಇಲ್ಲಿಂದ, ಮುಖ ಮೊದಲ ಸಲ ಕಾಣುತ್ತದೆ’ ಅಂತ ಒಂದೊಂದು ಸಾಲೂ ಇಷ್ಟು ಖಚಿತವಾಗಿರಬೇಕು. ಯಾರೂ ಹಾಡದ ಜಾಗ ಎಷ್ಟಿದೆ ಅಂತ ಕೂಡಿಸಿ ನೋಡಿ. ಒಟ್ಟು ಮೂವತ್ತು ಸೆಕೆಂಡೂ ಇಲ್ಲದಿದ್ದರೆ ಸಂಕೀರ್ಣ ಕಥೆಗೆ ಕೈ ಹಾಕಬೇಡಿ, ನನ್ನ ಅಭಿಪ್ರಾಯ ಅಷ್ಟೇ ಕಟುವಾಗಿದೆ. ಪಲ್ಲವಿ ಮೂರನೇ ಸಲ ಬಂದಾಗ ನೋಡುವವರಿಗೆ ಹೊಸದಾಗಿ ಏನು ಕೊಡುತ್ತೀರಿ ಅನ್ನುವುದಕ್ಕೆ ಉತ್ತರ ಈ ಹಾಳೆಯಲ್ಲೇ ಇರಬೇಕು.

ವರದಿಗೆ ಸಿದ್ಧಾಂತ ಬೇಕಾದರೂ ಇದೇ ಹಾಳೆ ಆಗುತ್ತದೆ. ಸಾಹಿತ್ಯಕ್ಕೂ ದೃಶ್ಯಕ್ಕೂ ಮೂರು ಬಗೆಯ ಸಂಬಂಧ ಇರಬಹುದು ಅಂತ ಮ್ಯೂಸಿಕ್ ವಿಡಿಯೊ ಬಗ್ಗೆ ಅಧ್ಯಯನ ಮಾಡಿದ ಆಂಡ್ರ್ಯೂ ಗುಡ್ವಿನ್ 1992ರಲ್ಲಿ ಬರೆದರು: ಹಾಡು ಹೇಳಿದ್ದನ್ನೇ ತೋರಿಸುವುದು, ಅದಕ್ಕೆ ಇನ್ನಷ್ಟು ಅರ್ಥ ಸೇರಿಸುವುದು, ಅದಕ್ಕೆ ಸಂಬಂಧವೇ ಇಲ್ಲದ್ದನ್ನು ತೋರಿಸುವುದು. ನಾವು ಇದನ್ನು ವರದಿಯಲ್ಲಿ ಒಂದು ಪ್ಯಾರಾ ಮಾಡಿ ಮರೆತೆವು. ನೀವು ಪ್ರತಿ ಸಾಲಿನ ಎದುರು ಮೂರರಲ್ಲಿ ಯಾವುದು ಅಂತ ಗುರುತು ಹಾಕಿ. ಎಲ್ಲ ಕಡೆ ಮೊದಲನೆಯದೇ ಬಂದರೆ, ಮಳೆ ಅಂದಾಗ ಮಳೆ, ಹೂವು ಅಂದಾಗ ಹೂವು ತೋರಿಸುತ್ತಿದ್ದೀರಿ ಅಂತ ನಿಮಗೇ ಗೊತ್ತಾಗುತ್ತದೆ.

ಸ್ನೇಹಿತರ ಹಾಡು ಕೈಕೊಟ್ಟು ನೆಟ್‌ನಿಂದ ಹಾಡು ತೆಗೆದುಕೊಳ್ಳುವಂತಾದರೆ ಒಂದು ವಿಷಯ ಗಮನದಲ್ಲಿರಲಿ. ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಬಳಸಲು ಬಿಡುವ ಲೈಸೆನ್ಸ್) ಅಂತ ಇದ್ದರೂ ‘ಎನ್‌ಡಿ’ (ನೋ ಡೆರಿವೇಟಿವ್ಸ್, ಬದಲಾಯಿಸಿ ಹಂಚುವಂತಿಲ್ಲ) ಅಂತ ಜೊತೆಗಿದ್ದರೆ ಆ ಹಾಡಿಗೆ ವಿಡಿಯೊ ಮಾಡಿ ಹಂಚುವಂತಿಲ್ಲ. ದೃಶ್ಯಕ್ಕೆ ಹಾಡನ್ನು ಜೋಡಿಸುವುದನ್ನೇ ಆ ಲೈಸೆನ್ಸ್ ರೂಪಾಂತರ ಅಂತ ಪರಿಗಣಿಸುತ್ತದೆ.

ಈಗ ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಫೈನಲ್ ಮಿಕ್ಸ್, ಅಂದರೆ ದನಿ ಮತ್ತು ವಾದ್ಯಗಳ ಸದ್ದನ್ನೆಲ್ಲ ಹದ ಮಾಡಿದ ಹಾಡು, ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಡ್ರಮ್ಸ್ ಜೋರಾಗಲಿ, ಗಿಟಾರ್ ತಗ್ಗಲಿ, ನಿಮ್ಮ ಶಾಟ್‌ಗೆ ಏನೂ ಆಗುವುದಿಲ್ಲ. ಹಾಡುವವರಿಂದ ಇವತ್ತೇ ಮೂರು ವಿಷಯ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ: ಟೆಂಪೊ ಎಷ್ಟು, ಯಾವ ಭಾಗ ಎಷ್ಟು ಬಾರ್, ಹಾಡಿದ ಟೇಕ್ ಇದೇನಾ. ಮೂರೂ ಇನ್ನು ಬದಲಾಗಲ್ಲ ಅಂದರೆ ಆ ಟ್ರ್ಯಾಕ್ ಹಾಕಿ ಧೈರ್ಯವಾಗಿ ಶೂಟ್ ಮಾಡಿ. ಒಂದಕ್ಕೆ ‘ನೋಡೋಣ’ ಅಂದರೂ ಲಿಪ್ ಸಿಂಕ್ (ಹಾಡಿಗೆ ಬಾಯಿ ಆಡಿಸುವ ಶಾಟ್) ಮತ್ತು ಉದ್ದದ ಟೇಕ್ ಮುಟ್ಟಬೇಡಿ. ಅಲ್ಲಿಯವರೆಗೆ ಲೊಕೇಶನ್ ನೋಡಿ ಬನ್ನಿ, ಬಾಯಿ ಕಾಣದ ಶಾಟ್‌ಗಳನ್ನು ತೆಗೆದಿಟ್ಟುಕೊಳ್ಳಿ, ಅವನ್ನು ಬೇಕಾದ ಅಳತೆಗೆ ಕತ್ತರಿಸಬಹುದು.