ಎಕ್ಸ್ ಜೋನ್‌ಗೆ ನೀರು ಬರಲ್ಲ ಅಂತ ನಿಮಗೆ ಹೇಳಿದ್ದು ಯಾರು?

ಫ್ಲೋರಿಡಾದ ಹಿಲ್ಸ್‌ಬರೋ ಕೌಂಟಿಯಲ್ಲಿ, ಅಂದರೆ ಟ್ಯಾಂಪಾ ಸುತ್ತಮುತ್ತ, ಮನೆಗಳ ನೆಲಮಟ್ಟ ಅಳೆಯುವುದು ನನ್ನ ಕೆಲಸ. ನಾನು ಇನ್ಶೂರೆನ್ಸ್ ಮಾರುವವನಲ್ಲ, ನನಗೆ ಕಮಿಷನ್ನೂ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರತಿ ಸಲ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ನೆರೆ ಸೇರಿರುವುದಿಲ್ಲ ಅನ್ನುವುದು ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಜೋನ್ ಅಂದರೆ ಫೆಮಾ, ಅಂದರೆ ಅಮೆರಿಕದ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆ, ತನ್ನ ನೆರೆ ನಕ್ಷೆಯಲ್ಲಿ ಜಾಗಕ್ಕೆ ಕೊಡುವ ಅಕ್ಷರ. ಎ, ವಿ ಹೆಚ್ಚು ಅಪಾಯದವು, ಎಕ್ಸ್ ಕಡಿಮೆಯದು.

ಒಬ್ಬರ ಪತ್ರ: ನ್ಯೂ ಟ್ಯಾಂಪಾದಲ್ಲಿ ಮನೆ ತಗೊಂಡಿದ್ದೇವೆ. ಎಕ್ಸ್ ಜೋನ್. ಬ್ಯಾಂಕ್ ಫ್ಲಡ್ ಇನ್ಶೂರೆನ್ಸ್ ಕೇಳಲೇ ಇಲ್ಲ. ಇಲ್ಲಿಗೆ ಯಾವತ್ತೂ ನೀರು ಬಂದಿಲ್ಲ ಅಂತ ರಿಯಲ್ಟರ್ ಹೇಳಿದರು. ಮತ್ತೆ ಸುಮ್ನೆ ದುಡ್ಡು ಯಾಕೆ ಕಟ್ಟಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಹೋದ ತಿಂಗಳೂ ಇದೇ.

ಬ್ಯಾಂಕ್ ಕೇಳುವುದು ತನ್ನ ಸಾಲಕ್ಕಾಗಿ. ಎ ಅಥವಾ ವಿ ಅಕ್ಷರದಿಂದ ಶುರುವಾಗುವ ಜೋನ್‌ನಲ್ಲಿ ಮನೆಯಿದ್ದು, ಸಾಲದ ಹಿಂದೆ ಕೇಂದ್ರ ಸರ್ಕಾರದ ಬೆಂಬಲ ಇದ್ದರೆ ಫ್ಲಡ್ ಇನ್ಶೂರೆನ್ಸ್ ಇರಲೇಬೇಕು ಅಂತ 1973ರ ಕಾನೂನು ಹೇಳುತ್ತದೆ. ಎಕ್ಸ್‌ಗೆ ಆ ಕಡ್ಡಾಯ ಇಲ್ಲ, ಅದಕ್ಕೆ ಬ್ಯಾಂಕ್ ಕೇಳಲಿಲ್ಲ. ಅಷ್ಟೇ. ಬ್ಯಾಂಕ್ ಸುಮ್ಮನಿದ್ದದ್ದನ್ನು ಸರ್ಟಿಫಿಕೇಟ್ ಅಂದುಕೊಳ್ಳಬೇಡಿ.

ನಾನು ದಿನಾ ನೋಡುವುದನ್ನು ಹೇಳುತ್ತೇನೆ. ಒಂದೇ ರಸ್ತೆ. ಎಡಗಡೆ ಮನೆ ಎಇ, ಬಲಗಡೆ ಮನೆ ಎಕ್ಸ್. ಲೆವೆಲ್ ಇಟ್ಟು ನೋಡಿದರೆ ಎರಡು ಮನೆಗಳ ನೆಲಕ್ಕೂ ನಾಲ್ಕು ಬೆರಳು ವ್ಯತ್ಯಾಸ. ನಾಲ್ಕೇ ಬೆರಳು! ಎಡಗಡೆಯವರು ಇನ್ಶೂರೆನ್ಸ್ ಕಟ್ಟುತ್ತಾರೆ, ಬಲಗಡೆಯವರು ನನಗೆ ಪತ್ರ ಬರೆಯುತ್ತಾರೆ.

ನಕ್ಷೆಯಲ್ಲಿ ಎಇ, ಎಕ್ಸ್ ನಡುವಿನ ಗೆರೆ ಎಳೆದಿರುವುದು 'ನೂರು ವರ್ಷದ ನೆರೆ'ಗೆ. ಈ ಹೆಸರಿಟ್ಟವರ ಮೇಲೆ ನನಗೆ ಸಿಟ್ಟಿದೆ. ನೂರು ವರ್ಷಕ್ಕೊಮ್ಮೆ ಬರುತ್ತದೆ ಅಂತ ಅದರ ಅರ್ಥವಲ್ಲ. ಪ್ರತಿ ವರ್ಷವೂ 100ರಲ್ಲಿ 1 ಪಾಲು ಸಾಧ್ಯತೆ ಇದೆ ಅಂತ. ಕವಡೆ ಆಟದಲ್ಲಿ ಒಂದು ಸಲ ಬಿದ್ದ ಗರ ಮುಂದಿನ ಸಲವೂ ಬೀಳಬಹುದು, ಅಲ್ವಾ? ಹಾಗೇ ಇದೂ. 30 ವರ್ಷದ ಸಾಲ ತೀರುವಷ್ಟರಲ್ಲಿ ಒಂದು ಸಲವಾದರೂ ಅಂಥ ನೆರೆ ಬರುವ ಸಾಧ್ಯತೆ ಶೇ. 26. ಇದು ಗೆರೆಯ ಅಂಚಿನ ಲೆಕ್ಕ. ಗೆರೆ ದಾಟಿದ ತಕ್ಷಣ 26 ಸೊನ್ನೆಯಾಗಿಬಿಡುವುದಿಲ್ಲ. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್‌ನ ಹ್ಯಾರಿಸ್ ಕೌಂಟಿಯಲ್ಲಿ ಮುಳುಗಿದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಗೆರೆಯ ಆಚೆಗಿದ್ದವು.

ಇನ್ನೊಂದು ವಿಷಯ. ನಕ್ಷೆ ಮುಖ್ಯವಾಗಿ ಲೆಕ್ಕ ಹಾಕುವುದು ನದಿ ಉಕ್ಕುವುದನ್ನು, ಸಮುದ್ರ ಏರುವುದನ್ನು. ಮಳೆ ಸುರಿದು, ಚರಂಡಿ ಸಾಲದೆ, ಬೀದಿಯಲ್ಲೇ ನಿಂತು ಬಾಗಿಲ ಕೆಳಗಿಂದ ಒಳಬರುವ ನೀರು ಅದರಲ್ಲಿ ಸರಿಯಾಗಿ ಕಾಣುವುದೇ ಇಲ್ಲ. 2024ರ ಎರಡು ವಾರ ನೆನಪಿಸಿಕೊಳ್ಳಿ. ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ದಡಕ್ಕೆ ಬಂದದ್ದು ನಮಗಿಂತ ಎಷ್ಟೋ ಉತ್ತರಕ್ಕೆ, ಬಿಗ್ ಬೆಂಡ್ ಹತ್ತಿರ. ಆದರೂ ಟ್ಯಾಂಪಾ ಕೊಲ್ಲಿ ಉಬ್ಬಿ ತೀರದ ಮನೆಗಳಿಗೆ ಉಪ್ಪುನೀರು ನುಗ್ಗಿತು. 13 ದಿನ ಬಿಟ್ಟು, ಅಕ್ಟೋಬರ್ 9ಕ್ಕೆ, ಮಿಲ್ಟನ್. ಅದು ನಮಗಿಂತ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಹತ್ತಿರ ಅಪ್ಪಳಿಸಿತು. ಗಾಳಿ ಕೊಲ್ಲಿಯ ನೀರನ್ನು ಹೊರಗೆ ಎಳೆದುಕೊಂಡು ಹೋಯಿತು. ಆದರೆ ಮಳೆ! ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚು ದಾಟಿತು. ಅಲಾಫಿಯಾ ನದಿ, ಹಿಲ್ಸ್‌ಬರೋ ನದಿ ಉಕ್ಕಿದವು. 'ಸಮುದ್ರ ನಮಗೆ ದೂರ' ಅನ್ನುತ್ತಿದ್ದವರ ಮನೆಗೆ ಈ ಸಲ ನೀರು ಬಂತು.

ಮಿಲ್ಟನ್ ಹೋದ ಮೇಲೆ ಅಂಥದ್ದೊಂದು ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಕಂದು ಗೆರೆ, ಒಂದು ಗೇಣು ಎತ್ತರ. ಅಷ್ಟೇ ನೀರು. ಊರಿಂದ ಬಂದಿದ್ದ ಆ ಮನೆಯವರ ಅಮ್ಮ ಅಕ್ಕಿ ಮೂಟೆಯನ್ನು ಡೈನಿಂಗ್ ಟೇಬಲ್ ಮೇಲಿಟ್ಟು ಕಾಪಾಡಿದ್ದರು. ಬೇರೇನೂ ಉಳಿದಿರಲಿಲ್ಲ. ಇಲ್ಲಿಯ ಒಳಗೋಡೆ ಡ್ರೈವಾಲ್, ಅಂದರೆ ಕಾಗದ ಹೊದಿಸಿದ ಜಿಪ್ಸಮ್ ಹಲಗೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಮೇಲಕ್ಕೆಳೆಯುತ್ತದೆ. ನೀರು ಗೇಣುದ್ದ, ಗೋಡೆ ಕತ್ತರಿಸಿದ್ದು ನಾಲ್ಕು ಅಡಿ. ಅಡುಗೆಮನೆಯ ಕೆಳಗಿನ ಕಪಾಟುಗಳು, ನೆಲಹಾಸು, ಬಾಗಿಲು, ಎಲ್ಲ ಬೀದಿಬದಿಯ ರಾಶಿಗೆ. ಒಂದಿಂಚು ನೀರಿಗೇ 25,000 ಡಾಲರ್‌ವರೆಗೆ ನಷ್ಟ ಆಗಬಹುದು ಅಂತ ಫೆಮಾ ಹೇಳುತ್ತದೆ. ಆ ಮನೆಯಲ್ಲಿ ಪಾಲಿಸಿ ಇರಲಿಲ್ಲ. ಎಕ್ಸ್ ಜೋನ್.

ಈಗ ದುಡ್ಡಿನ ಮಾತು. 1968ರಲ್ಲಿ ಶುರುವಾದ ಸರ್ಕಾರಿ ಫ್ಲಡ್ ಇನ್ಶೂರೆನ್ಸ್ ಯೋಜನೆ ಎನ್‌ಎಫ್‌ಐಪಿಯಲ್ಲಿ ಮನೆ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000. ಸಾಮಾನಿನ ಕವರೇಜ್ ಬೇರೆ ತಗೋಬೇಕು. ಬರೀ ಕಟ್ಟಡಕ್ಕೆ ತಗೊಂಡು ಆಮೇಲೆ ಸೋಫಾ ಎಲ್ಲಿ ಅಂತ ಹುಡುಕಬೇಡಿ. ಸಾಮಾನಿಗೆ ಕೊಡುವುದು ಹಳೆಯದರ ಬೆಲೆ, ಹೊಸದರದ್ದಲ್ಲ. ರಿಪೇರಿ ಮುಗಿಯುವವರೆಗೆ ಬೇರೆ ಮನೆಯ ಬಾಡಿಗೆ ಕೊಡುವುದೇ ಇಲ್ಲ. ಅದು ಬೇಕಿದ್ದರೆ, ಅಥವಾ ಮನೆ ದುಬಾರಿಯದಾಗಿದ್ದರೆ, ಖಾಸಗಿ ಪಾಲಿಸಿಗಳನ್ನೂ ಹೋಲಿಸಿ ನೋಡಿ.

ಪ್ರೀಮಿಯಂ ಎಷ್ಟು ಅಂತ ನನ್ನನ್ನು ಕೇಳಬೇಡಿ, ಭಾವನನ್ನೂ ಕೇಳಬೇಡಿ. 2021ರ ಅಕ್ಟೋಬರ್‌ನಿಂದ ಲೆಕ್ಕವೇ ಬದಲಾಗಿದೆ. ಈಗ ಬೆಲೆ ನಿಲ್ಲುವುದು ಜೋನ್ ಅಕ್ಷರದ ಮೇಲಲ್ಲ. ನೀರಿನಿಂದ ಎಷ್ಟು ದೂರ, ನೆಲ ಎಷ್ಟು ಎತ್ತರ, ಮನೆ ಮತ್ತೆ ಕಟ್ಟಲು ಎಷ್ಟು ಬೇಕು ಅನ್ನುವುದರ ಮೇಲೆ. ನಿಮ್ಮ ಮನೆಯ ವಿಳಾಸ ಕೊಟ್ಟು ಪ್ರೀಮಿಯಂ ಎಷ್ಟಾಗುತ್ತದೆ ಅಂತ ಕೋಟ್ ತರಿಸಿ. ನನ್ನದೂ ಎಕ್ಸ್ ಜೋನ್ ಮನೆಯೇ, ನಾನು ವರ್ಷಾ ವರ್ಷಾ ಕಟ್ಟುತ್ತೇನೆ. ಹೆಂಡತಿ ಪುಕ್ಕಲ ಅನ್ನುತ್ತಾಳೆ. ಅನ್ನಲಿ.

ಇನ್ನು ರಿಯಲ್ಟರ್ ಹೇಳಿದ 'ಯಾವತ್ತೂ'. ಬಂಟ್ವಾಳದಲ್ಲಿ 1974ರ ನೇತ್ರಾವತಿ ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಹಿರಿಯರು ಗೋಡೆ ಮುಟ್ಟಿ ತೋರಿಸುತ್ತಾರೆ. ನಿಮ್ಮ ಬಡಾವಣೆಗೆ ವಯಸ್ಸೇ ಹನ್ನೆರಡು, ಅಲ್ಲಿ ಯಾರು ಏನು ತೋರಿಸುತ್ತಾರೆ? ಮನೆ ಕೊಳ್ಳುವವರಿಗೆ ಒಂದು ಸಮಾಧಾನ ಇದೆ. 2024ರ ಅಕ್ಟೋಬರ್ 1ರಿಂದ ಫ್ಲೋರಿಡಾದಲ್ಲಿ ಮಾರುವವರು ಹಿಂದೆ ನೆರೆಯ ಕ್ಲೇಮ್ ಮಾಡಿದ್ದರೆ, ನೆರೆಗಾಗಿ ಕೇಂದ್ರದ ನೆರವು ಪಡೆದಿದ್ದರೆ ಬರೆದು ಕೊಡಬೇಕು. ಆ ಹಾಳೆ ಓದಿ. ಓದದೆ ಸಹಿ ಹಾಕಿದವರು ನನಗೆ ಬರೆಯಬೇಡಿ.

ನಮ್ಮದು ಎ ಜೋನ್ ಅಲ್ಲ, ಚಂಡಮಾರುತ ಬಂದಾಗ ಮನೆ ಬಿಡಬೇಕಾ?

ಯಾವ ಎ? ಇಲ್ಲಿ ಎರಡು ಎ ಇವೆ. ಒಂದು ಫೆಮಾ ನಕ್ಷೆಯ ಫ್ಲಡ್ ಜೋನ್, ಇನ್ಶೂರೆನ್ಸ್ ಮತ್ತು ಕಟ್ಟಡದ ನಿಯಮಕ್ಕೆ. ಇನ್ನೊಂದು ಕೌಂಟಿಯ ಇವ್ಯಾಕ್ಯುಯೇಷನ್ ಜೋನ್, ಅಂದರೆ ಮನೆ ಬಿಟ್ಟು ಹೊರಡಬೇಕಾದ ಪ್ರದೇಶ, ಎ ಇಂದ ಇ ವರೆಗೆ, ಸಮುದ್ರ ಎಷ್ಟು ಒಳಗೆ ನುಗ್ಗಬಹುದು ಅನ್ನುವುದರ ಮೇಲೆ. ಫ್ಲಡ್ ಜೋನ್ ಎಕ್ಸ್ ಇರುವ ಮನೆ ಇವ್ಯಾಕ್ಯುಯೇಷನ್‌ಗೆ ಬಿ ಆಗಿರಬಹುದು. ಎರಡನ್ನೂ ಬೇರೆ ಬೇರೆ ಬರೆದು ಫ್ರಿಜ್ ಮೇಲೆ ಅಂಟಿಸಿ. ಹೊರಡಿ ಅಂದಾಗ ನೋಡಬೇಕಾದ್ದು ಎರಡನೆಯದನ್ನು.

ಚಂಡಮಾರುತ ಬರುವುದು ಖಾತ್ರಿಯಾದ ಮೇಲೆ ಪಾಲಿಸಿ ತಗೊಂಡರೆ ಸಾಲದಾ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುತ್ತೀರಾ? ಎನ್‌ಎಫ್‌ಐಪಿಯಲ್ಲಿ ಸಾಮಾನ್ಯವಾಗಿ 30 ದಿನ ಕಾಯಬೇಕು, ಹೊಸ ಸಾಲದ ಕ್ಲೋಸಿಂಗ್ ಜೊತೆ ತಗೊಂಡರೆ ಕಾಯಬೇಕಿಲ್ಲ. ಚಂಡಮಾರುತದ ಸೀಸನ್ ಜೂನ್ 1ಕ್ಕೆ ಶುರು. ಲೆಕ್ಕ ನೀವೇ ಹಾಕಿ.

ಹಿತ್ತಲಲ್ಲಿ ಈಶಾನ್ಯಕ್ಕೆ ಪಾಂಡ್ ಇದೆ. ವಾಸ್ತು ಪ್ರಕಾರ ಶುಭ ಅಂತಾರೆ, ನೆರೆಗೆ ತೊಂದರೆಯಾ?

ಅದು ಬಡಾವಣೆಯ ಮಳೆನೀರು ನಿಲ್ಲಿಸಲು ತೋಡಿದ ಹೊಂಡ. ಶುಭ ಅಶುಭ ನನಗೆ ಗೊತ್ತಿಲ್ಲ, ತುಂಬಿದರೆ ಮೊದಲು ಎಲ್ಲಿಗೆ ಬರುತ್ತದೆ ಅಂತ ಗೊತ್ತು.

ವಾಷಿಂಗ್ ಮೆಷಿನ್ ಪೈಪ್ ಒಡೆದು ಮನೆಯೆಲ್ಲ ನೀರು. ಫ್ಲಡ್ ಕ್ಲೇಮ್ ಮಾಡಬಹುದಾ?

ಇಲ್ಲ. ಮನೆ ಇನ್ಶೂರೆನ್ಸ್‌ನವರನ್ನು ಕೇಳಿ.

ಪಾಲಿಸಿ ಇಲ್ಲದಿದ್ದರೂ ಸರ್ಕಾರ ಪರಿಹಾರ ಕೊಡುತ್ತಂತೆ?

ವಾಟ್ಸಾಪ್‌ನಲ್ಲಿ ಕೊಡುತ್ತದೆ. ನಿಜದಲ್ಲಿ ಅಧ್ಯಕ್ಷರು ವಿಪತ್ತು ಅಂತ ಘೋಷಿಸಬೇಕು, ಆಮೇಲೂ ಸಿಗುವುದು ತಲೆಯ ಮೇಲೆ ಸೂರು ಉಳಿಸಿಕೊಳ್ಳುವಷ್ಟು. ದೊಡ್ಡ ಮೊತ್ತ ಬೇಕಾದರೆ ಸಾಲ, ಬಡ್ಡಿ ಸಮೇತ ತೀರಿಸಬೇಕು.

ನೀರು ಇಳಿದ ಮರುದಿನವೇ ಒಬ್ಬ ಟ್ರಕ್‌ನಲ್ಲಿ ಬಂದು, 'ಸಹಿ ಹಾಕಿ, ಕ್ಲೇಮ್ ಎಲ್ಲ ನಾನೇ ನೋಡ್ಕೋತೀನಿ' ಅಂದ. ಹಾಕಿಬಿಡಲಾ?

ಹಾಕಬೇಡಿ. ಲೈಸೆನ್ಸ್ ನಂಬರ್ ಕೇಳಿ, ಅರ್ಧ ಜನ ಅಲ್ಲೇ ಟ್ರಕ್ ಹತ್ತುತ್ತಾರೆ. ಮೊದಲು ನಿಮ್ಮ ಇನ್ಶೂರೆನ್ಸ್‌ಗೆ ಫೋನ್ ಮಾಡಿ. ನೀರಿನ ಗೆರೆ ಕಾಣುವ ಹಾಗೆ ಪ್ರತಿ ಕೋಣೆಯ ಫೋಟೋ ತೆಗೆಯಿರಿ, ಫ್ರಿಜ್ ಹಿಂದಿನ ಸೀರಿಯಲ್ ನಂಬರ್ ಸಮೇತ. ತೊಯ್ದ ಕಾರ್ಪೆಟ್ ಎಸೆಯುವ ಮುಂಚೆ ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಮತ್ತೆ ನಷ್ಟದ ಲೆಕ್ಕಕ್ಕೆ ಸಹಿ ಹಾಕಿ ಕಳಿಸಲು 60 ದಿನ ಇದೆ, ಎಣಿಕೆ ನೀರು ಬಂದ ದಿನದಿಂದ.